ಹೊಲಕ್ಕೆ ತಲುಪದ ಕಾಯ್ದೆ

ಹಿರೇಕೆರೂರಿನ ವಕೀಲರು ನನ್ನ ಸನದನ್ನಾಗಲಿ, ಪರೀಕ್ಷೆಯ ಅಂಕಗಳನ್ನಾಗಲಿ ಕೇಳಲಿಲ್ಲ. ಮೇಜಿನ ಮೇಲೆ ನಾನು ಹರಡಿದ್ದ ಕಾಗದಗಳ ನಡುವೆ ಪುಣೆಯ ನಮ್ಮ ಲಾ ಕಾಲೇಜಿನ ವಿದ್ಯಾರ್ಥಿಗಳು ತರುತ್ತಿದ್ದ ಕಾನೂನು ಪತ್ರಿಕೆಯ ಎರಡು ಸಂಚಿಕೆಗಳಿದ್ದವು. ಅವನ್ನು ಮಾತ್ರ ಎತ್ತಿಕೊಂಡರು. ಲೇಖನಗಳನ್ನು ಓದಲಿಲ್ಲ. ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಅಡಿಟಿಪ್ಪಣಿಗಳ ಮೇಲೆ ಬೆರಳಾಡಿಸುತ್ತ ಕೇಳಿದರು.

"ಇವನ್ನ ಬರದವ್ರು ಯಾರು?"

"ಲೇಖನ ಬರದವ್ರ ಬರೀತಾರ್ರಿ. ಅವು ಖರೇ ಅದಾವೋ ಇಲ್ಲೋ ನೋಡೋದು ನನ್ನ ಕೆಲಸ ಇತ್ರಿ."

"ಹೆಂಗ ನೋಡ್ತಿದ್ದಿ? ಹೇಳು."

ಹೇಳಿದೆ. ಲೇಖಕರು ಯಾವುದಾದರೂ ತೀರ್ಪನ್ನು ಆಧಾರವಾಗಿ ಕೊಟ್ಟಿದ್ದರೆ ಮೊದಲು ಆ ಸಂಪುಟ ತೆಗೆದು ಪಕ್ಷಗಾರರ ಹೆಸರು, ವರ್ಷ, ಪುಟ ಕೂಡುತ್ತವೋ ನೋಡಬೇಕು. ಎತ್ತಿ ಬರೆದ ಮಾತು ಆ ಪುಟದಲ್ಲಿದೆಯೋ, ಇದ್ದರೆ ಅದು ನ್ಯಾಯಾಧೀಶರ ಸ್ವಂತ ಮಾತೋ ಅಥವಾ ವಕೀಲನೊಬ್ಬನ ವಾದವನ್ನು ಅವರು ಅಲ್ಲಿ ಬರೆದುಕೊಂಡದ್ದೋ, ಅದನ್ನು ನೋಡಬೇಕು. ಇಷ್ಟಾದ ಮೇಲೆ ನಿಜವಾದ ಕೆಲಸ. ಆ ತೀರ್ಪಿನ ನಂತರ ಇಲ್ಲಿಯವರೆಗೆ ಮೇಲಿನ ಯಾವ ಕೋರ್ಟಾದರೂ ಅದನ್ನು ತಳ್ಳಿಹಾಕಿದೆಯೋ ಎಂದು ಮುಂದಿನ ಸಂಪುಟಗಳ ಸೂಚಿಗಳನ್ನೆಲ್ಲ ಹುಡುಕುತ್ತ ಬರಬೇಕು. ಪತ್ರಿಕೆ ನೋಡಿಕೊಳ್ಳುತ್ತಿದ್ದ ಪ್ರಾಧ್ಯಾಪಕರು ಪ್ರತಿ ಟಿಪ್ಪಣಿಯ ಪಕ್ಕ ನನ್ನಿಂದ ಪೆನ್ಸಿಲ್ ಗುರುತು ಹಾಕಿಸುತ್ತಿದ್ದರು. ಗುರುತಿಲ್ಲದ ಹಾಳೆ ಅಚ್ಚಿಗೆ ಹೋಗುತ್ತಿರಲಿಲ್ಲ.

ವಕೀಲರು ಸಂಚಿಕೆಯನ್ನು ಕೆಳಗಿಟ್ಟರು. ವಿಭೂತಿ ಹಚ್ಚಿದ ಅಗಲ ಹಣೆ, ಐವತ್ತು ದಾಟಿದ ವಯಸ್ಸು, ತೀರ ಹತ್ತಿರ ಹಿಡಿಯದೆ ಓದಲಾಗದ ಕಣ್ಣು.

"ಧಾರವಾಡದ ಜಿಲ್ಲಾ ಕೋರ್ಟಿನ್ಯಾಗ ಒಮ್ಮೆ ನಾ ಸತ್ತ ತೀರ್ಪು ಹಿಡ್ಕೊಂಡು ವಾದ ಮಾಡೇನಿ ತಮ್ಮಾ. ಜಡ್ಜಸಾಹೇಬ್ರು ಪೂರಾ ಕೇಳಿ, ಇದು ಬಿದ್ದುಹೋಗಿ ಭಾಳ ದಿನಾ ಆತಲ್ರಿ ಅಂದ್ರು. ಪಕ್ಷಗಾರ ನನ್ನ ಹಿಂದ ನಿಂತಿದ್ದ. ಕಾಯ್ದೆ ಬಲ್ಲವ್ರು ಈ ಸೀಮ್ಯಾಗ ಬೇಕಾದಷ್ಟು ಮಂದಿ ಅದಾರ. ತನಗ ಗೊತ್ತೈತಿ ಅನ್ನೋದನ್ನ ಮತ್ತೊಮ್ಮೆ ತಗದ ನೋಡಾವ ಸಿಗಂಗಿಲ್ಲ. ನಾಳಿಂದ ಬಾ."

ಅದಕ್ಕೂ ಮೊದಲು ಶಿಗ್ಗಾವಿಯಲ್ಲೂ ಹಾನಗಲ್ಲಿನಲ್ಲೂ ಕೆಲಸ ಕೇಳಿ ಬಂದಿದ್ದೆ. ಶಿಗ್ಗಾವಿಯವರು ನಾನು ಯಾರ ಪೈಕಿ ಎಂದು ಕೇಳಿದರು. ಸವಣೂರಿನ ವೀಳ್ಯದೆಲೆ ತೋಟದವರ ಮಗ ಎಂದಾಗ ನಮ್ಮ ಎಲೆಯನ್ನು ಹೊಗಳಿ ಕಳಿಸಿದರು. ಹಾನಗಲ್ಲಿನ ವಕೀಲರು ನೇರ ಮನುಷ್ಯ. "ಪುಸ್ತಕ ಓದಾಕ ನಾನ ಅದೇನಿ. ನನಗ ಪಕ್ಷಗಾರರನ್ನ ಕರಕೊಂಡ ಬರಾವ ಬೇಕು" ಎಂದರು. ನಮ್ಮ ಸವಣೂರು ಆಗ ನವಾಬರ ಸಂಸ್ಥಾನ. ಅಲ್ಲೇ ಉಳಿದಿದ್ದರೆ ದರಬಾರಿನಲ್ಲಿ ಯಾವುದೋ ಒಂದು ಕಾರಕೂನಿಕೆ ಸಿಗುತ್ತಿತ್ತೇನೋ. ನನಗೆ ಕೋರ್ಟು ಬೇಕಾಗಿತ್ತು.

ಮೊದಲ ಕೆಲವು ತಿಂಗಳು ಕಪಾಟಿನ ಕೆಲಸ. ಲಾ ರಿಪೋರ್ಟುಗಳು ಬಿಡಿ ಕಂತುಗಳಾಗಿ ಟಪಾಲಿನಲ್ಲಿ ಬಂದು, ದಾರ ಬಿಚ್ಚದೆ ಹಾಗೇ ಕಪಾಟು ಸೇರಿದ್ದವು. ಯುದ್ಧ ಸುರುವಾದ ಮೇಲೆ ಕಾಗದದ ಅಭಾವ, ಕಂತುಗಳು ತೆಳ್ಳಗಾಗಿ, ತಡವಾಗಿ ಬರುತ್ತಿದ್ದವು. ಒಂದೊಂದನ್ನೂ ಬಿಚ್ಚಿ, ಹೊಸ ತೀರ್ಪು ಯಾವ ಹಳೆಯದನ್ನು ಮುಟ್ಟಿದೆಯೋ ಆ ಹಳೆಯ ಪುಟದ ಅಂಚಿಗೆ ಚೀಟಿ ಅಂಟಿಸುತ್ತ ಹೋದೆ. ಮೈದಾ ಅಂಟಿಗೆ ಹುಳ ಬಿದ್ದು ಒಂದು ಸಂಪುಟದ ಬೆನ್ನೇ ತಿಂದುಹಾಕಿತು. ಆಮೇಲೆ ಅಂಟಿಗೆ ಮೈಲುತುತ್ತ ಬೆರೆಸುವುದನ್ನು ಕಲಿತೆ. ವಕೀಲರು ಕೋರ್ಟಿನಿಂದ ಬಂದು ಅಂಗಿ ಬಿಚ್ಚುತ್ತ "ಇವತ್ತ ಯಾವ್ದು ಸತ್ತತಿ?" ಎಂದು ಕೇಳುವುದು ರೂಢಿಯಾಯಿತು.

ಮಾಸೂರಿನ ಹೆಂಗಸು ಬಂದದ್ದು ಆಗ. ಮೂವತ್ತರ ಒಳಗಿನ ವಿಧವೆ, ಜೊತೆಗೆ ಸೊಂಟದ ಎತ್ತರದ ಮಗಳು. ಮದಗದ ಕೆರೆಯ ನೀರು ಹಾಯುವ ಭತ್ತದ ಗದ್ದೆ ಅವರದು, ಗಂಡ ಮತ್ತು ಗಂಡನ ಅಣ್ಣ ಕೂಡಿ ಮಾಡುತ್ತಿದ್ದದ್ದು. ಗಂಡ ಜ್ವರದಲ್ಲಿ ತೀರಿಕೊಂಡ. ಸುಗ್ಗಿ ಮುಗಿಯುವಷ್ಟರಲ್ಲಿ ಭಾವ ಅವಳ ಒಲೆಯನ್ನು ದನದ ಕೊಟ್ಟಿಗೆಯ ಪಕ್ಕಕ್ಕೆ ಸರಿಸಿದ್ದ. ಹಿಂದಿನ ಕಾಯ್ದೆಯಂತೆ ಅಷ್ಟೇ. ಕೂಡುಮನೆಯಲ್ಲಿ ಗಂಡ ಸತ್ತರೆ ಅವನ ಪಾಲು ಅಣ್ಣತಮ್ಮಂದಿರಿಗೆ, ವಿಧವೆಗೆ ಅನ್ನ, ಅರಿವೆ, ತಲೆಯ ಮೇಲೊಂದು ಮಾಡು. ಇದಕ್ಕೆ ಪೋಟಗಿ ಎನ್ನುತ್ತಾರೆ. ಆದರೆ ಅವಳ ಗಂಡ ತೀರಿಕೊಳ್ಳುವ ಕೆಲವು ಕಾಲ ಮೊದಲು ದಿಲ್ಲಿಯಲ್ಲಿ ಹೊಸ ಕಾಯ್ದೆಯಾಗಿತ್ತು. ಗಂಡನಿಗೆ ಇದ್ದ ಪಾಲು ಹೆಂಡತಿಗೆ, ಅವಳು ಇರುವ ತನಕ. ಅವಳು ವಾಟ್ನಿಯನ್ನೂ, ಅಂದರೆ ಆ ಪಾಲನ್ನು ಬೇರೆ ಮಾಡಿಕೊಡಿ ಎಂದೂ, ಕೇಳಬಹುದು.

ವಕೀಲರು ನನಗೆ ಓದಿ ಹೇಳಲು ಹೇಳಿದರು. ನಾನು ಆ ಕಲಮನ್ನು ಕನ್ನಡಕ್ಕೆ ಬಿಡಿಸಿ ಹೇಳಿದೆ. ಅವಳು ನನ್ನ ಟೋಪಿಯನ್ನೇ ನೋಡುತ್ತಿದ್ದಳು.

"ನಮ್ಮ ಹೆಣ್ಮಕ್ಕಳ ಕಾಯ್ದೆ ಸಾಬರಿಗೆ ಹೆಂಗ ಗೊತ್ತ್ರಿ?"

"ನಮ್ಮವ್ವಗ ನಮ್ಮಜ್ಜನ ತ್ವಾಟದಾಗ ಪಾಲ ಬಂದೈತಿ ಬೇ. ನಮ್ಮಲ್ಲಿ ಮದ್ಲಿಂದ ಬರದೈತಿ. ಕೊಡೋ ಮಂದಿ ಕಡಿಮಿ."

ಅವಳು ನಕ್ಕಳು. ಅವಳು ನಕ್ಕದ್ದನ್ನು ನಾನು ನೋಡಿದ್ದು ಆ ದಿನಗಳಲ್ಲಿ ಮಾತ್ರ. "ಇನ್ನೊಮ್ಮೆ ಹೇಳ್ರಿ" ಎಂದಳು. ಇನ್ನೊಮ್ಮೆ ಹೇಳಿದೆ. ಮುಂದಿನ ಸಲ ಬಂದಾಗ ಒಂದಕ್ಷರ ತಪ್ಪದೆ ಅದನ್ನು ನನಗೇ ಒಪ್ಪಿಸಿದಳು. ಗದ್ದೆಯಲ್ಲಿ ನಾಟಿ ಮಾಡುವಾಗ ಬೇರೆ ಹೆಂಗಸರಿಗೂ ಹೇಳಿಕೊಟ್ಟಿದ್ದಳಂತೆ.

ದಾವೆ ಹಾವೇರಿಯ ಕೋರ್ಟಿಗೆ ಹೋಯಿತು. ಭಾವನ ಪರವಾಗಿ ನಿಂತವರು ಹಾನಗಲ್ಲಿನ ಅದೇ ವಕೀಲರು. ತಮ್ಮ ಸಾಯುವ ಮೊದಲೇ ತನ್ನ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟಿದ್ದ ಎಂದು ಅವರು ಕೋರ್ಟಿಗೆ ಬರೆದುಕೊಟ್ಟ ಕೈಫಿಯತ್ತು. ಕಾಗದವಿಲ್ಲ, ಬಾಯಿಮಾತು. ಅದಕ್ಕೆ ಸಾಕ್ಷಿಗಳನ್ನು ತಂದರು. ನಮ್ಮ ವಕೀಲರು ಪಾಟೀ ಸವಾಲಿನಲ್ಲಿ ಒಬ್ಬೊಬ್ಬರನ್ನೂ ಮೆಲ್ಲಗೆ ಕೇಳುತ್ತ ಹೋದರು. ಒಬ್ಬ ಸಾಕ್ಷಿ ಮಾತು ನಡೆದದ್ದು ಕಣದಲ್ಲಿ ಎಂದ, ಇನ್ನೊಬ್ಬ ಗುಡಿಯ ಕಟ್ಟೆಯ ಮೇಲೆ ಎಂದ, ಮೂರನೆಯವನು ಆ ದಿನ ತಾನು ರಟ್ಟೀಹಳ್ಳಿಯ ಸಂತೆಯಲ್ಲಿದ್ದೆನೆಂದು ತಾನೇ ಒಪ್ಪಿಕೊಂಡ. ಇದ್ದಲಿ ಗ್ಯಾಸಿನ ಬಸ್ಸಿನಲ್ಲಿ ಕೆಮ್ಮುತ್ತ ಹಿಂದಿರುಗುವಾಗ ವಕೀಲರು "ಆತು, ಇನ್ನ ವಾದ ಅಷ್ಟ" ಎಂದರು. ಅವರು ಹಾಗೆ ಸುಲಭವಾಗಿ ಹೇಳುವವರಲ್ಲ.

ವಾದದ ತಾರೀಖಿಗೆ ಕೆಲವು ವಾರ ಮೊದಲು ನಾನು ನಮ್ಮ ಆಧಾರಗಳನ್ನು ಕೊನೆಯ ಬಾರಿ ತೆಗೆದುಕೊಂಡು ಕೂತೆ. ಗೊತ್ತಿದ್ದದ್ದೇ. ಆದರೂ ಪೆನ್ಸಿಲ್ ಗುರುತು ಬೀಳಬೇಕಲ್ಲ. ಆ ದಿನವೇ ಟಪಾಲಿನಲ್ಲಿ ತಡವಾಗಿ ಬಂದ ಕಂತುಗಳ ಕಟ್ಟು ಬಿಚ್ಚಿ ಸೂಚಿಯಲ್ಲಿ ನಮ್ಮ ಕಾಯ್ದೆಯ ಹೆಸರನ್ನು ಹುಡುಕಿದೆ. ಇತ್ತು.

ಹೈಕೋರ್ಟುಗಳಿಗೂ ಮೇಲಿನ ದಿಲ್ಲಿಯ ಫೆಡರಲ್ ಕೋರ್ಟಿಗೆ ಒಂದು ಪ್ರಶ್ನೆ ಹೋಗಿತ್ತು. ಹೊಲಗದ್ದೆಯ ವಾರಸಿಕೆಯ ಬಗ್ಗೆ ಕಾಯ್ದೆ ಮಾಡುವ ಅಧಿಕಾರ ಪ್ರಾಂತಗಳದು. ಹಾಗಿರುವಾಗ ದಿಲ್ಲಿಯಲ್ಲಾದ ಈ ಕಾಯ್ದೆ ಪ್ರಾಂತಗಳ ಹೊಲಗದ್ದೆಗೆ ಹತ್ತುತ್ತದೆಯೇ, ಅಂದರೆ ಅನ್ವಯಿಸುತ್ತದೆಯೇ? ಹತ್ತುವುದಿಲ್ಲ ಎಂದು ಕೋರ್ಟು ಹೇಳಿತ್ತು. ಮನೆಗೆ, ಒಡವೆಗೆ, ರೊಕ್ಕಕ್ಕೆ ಹತ್ತುತ್ತದೆ. ಹೊಲಕ್ಕಿಲ್ಲ.

ಮತ್ತೆ ಮೊದಲಿಂದ ಓದಿದೆ. ಕಾಲೇಜಿನ ಪತ್ರಿಕೆಯಲ್ಲಿ ಇಂಥದು ಸಿಕ್ಕರೆ ನನಗೆ ಹಿಗ್ಗಾಗುತ್ತಿತ್ತು. ಲೇಖಕರ ಸಾಲಿನ ಮೇಲೆ ಗೀಟು ಎಳೆದರೆ ಕೆಲಸ ಮುಗಿಯಿತು. ಈಗ ಗೀಟು ಎಳೆಯಬೇಕಾಗಿದ್ದದ್ದು ಆ ತಾಯಿ ಮಗಳ ಅನ್ನದ ಮೇಲೆ. ಕಂತನ್ನು ಕಪಾಟಿನಲ್ಲಿ ಇಟ್ಟು ಸುಮ್ಮನಿದ್ದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಯೋಚನೆ ಬಂದದ್ದು ನಿಜ. ವಕೀಲರು ತಾವಾಗಿ ಸೂಚಿ ನೋಡುವವರಲ್ಲ, ಕಣ್ಣು ಅವರಿಗೆ ಕೈಕೊಟ್ಟಿತ್ತು. ಹೊರಗೆ ಹೋಗಿ ಕೊಡದ ನೀರಿನಲ್ಲಿ ಮುಖ ತೊಳೆದುಕೊಂಡು ಬಂದು, ಅವರ ಮುಂದೆ ಇಟ್ಟು ಓದಿದೆ.

ಅವರು ಕಣ್ಣು ಮುಚ್ಚಿ ಕೇಳಿದರು. "ಕಡೀ ಸಾಲು ಇನ್ನೊಮ್ಮೆ ಓದು" ಎಂದರು. ಓದಿದೆ.

"ಇದು ಸಲಹಾ ಅಲ್ಲೇನು? ದಾವೆದ ತೀರ್ಪಲ್ಲ."

"ಹೌದ್ರಿ, ಕೇಳಿದ ಪ್ರಶ್ನೆಕ ಕೊಟ್ಟ ಸಲಹಾ. ನಾನೂ ಅದನ್ನ ಹಿಡದ ನೋಡೇನ್ರಿ. ಆದ್ರ ಕೆಳಗಿನ ಯಾವ ಕೋರ್ಟು ಅದನ್ನ ದಾಟಿ ಹೋಗ್ತತ್ರಿ?"

"ಹೋಗಂಗಿಲ್ಲ."

ನಾವಿಬ್ಬರೂ ಕೆಲವು ದಿನ ಹೊರಬೀಳುವ ದಾರಿ ಹುಡುಕಿದೆವು. ಗದ್ದೆಯ ಅಂಚಿಗೆ ಮನೆ ಕಟ್ಟುವ ಜಾಗವೇನಾದರೂ ಇದೆಯೇ ಎಂದು ನಕಾಶೆ ತರಿಸಿದೆವು. ಇಲ್ಲ, ಕೆರೆಯ ಕಾಲುವೆಯಿಂದ ಬದುವಿನವರೆಗೆ ಭತ್ತವೇ. ನಾನು ಧಾರವಾಡಕ್ಕೆ ಹೋಗಿ ವಕೀಲರ ಸಂಘದ ಪುಸ್ತಕಾಲಯದಲ್ಲಿ ಕೂತು, ಆ ಸಲಹೆಯ ವ್ಯಾಪ್ತಿಯನ್ನು ಯಾವ ಕೋರ್ಟಾದರೂ ಕಿರಿದು ಮಾಡಿದೆಯೇ ಎಂದು ನೋಡಿ ಬಂದೆ. ಬರಿಗೈಯಲ್ಲಿ ಬಂದೆ. ಉಳಿದದ್ದು ಮನೆಯೊಂದೇ. ಎರಡು ಅಂಕಣದ ಮಣ್ಣಿನ ಮನೆ. ಅದರಲ್ಲಿ ಅವಳಿಗೆ ಅರ್ಧ.

ಬಸ್ಸಿಳಿದು ಬಂದವನೇ ನಾನು ಮನಸ್ಸಿನಲ್ಲಿದ್ದದ್ದನ್ನು ಆಡಿಬಿಟ್ಟೆ. "ಹಾನಗಲ್ಲಿನವ್ರಿಗೆ ಇದು ಗೊತ್ತಿಲ್ರಿ. ಅವ್ರ ಕೈಫಿಯತ್ತಿನ್ಯಾಗ ಒಂದ ಮಾತಿಲ್ಲ. ನಾವ್ಯಾಕ ಹೇಳಬೇಕ್ರಿ?"

ವಕೀಲರು ಸಿಟ್ಟಾಗಲಿಲ್ಲ. "ಹೇಳಬ್ಯಾಡ ಅನ್ನು. ಡಿಕ್ರಿ ಆತು ಅನ್ನು. ಅವ್ರು ಧಾರವಾಡಕ್ಕ ಅಪೀಲು ಹೋಗ್ತಾರ. ಅಲ್ಲಿ ಯಾರರೆ ಒಬ್ಬ ನಿನ್ನಂಥಾವ ಇದನ್ನ ತಗೀತಾನ. ಅಷ್ಟೊತ್ತಿಗೆ ಆಕಿ ಆ ಹೊಲದಾಗ ಬೆಳಿ ತಗದಿರ್ತಾಳ. ಹೊಲಾ ತಿರುಗಿ ಕೊಡಬೇಕು, ತಿಂದ ಬೆಳಿನೂ ಕಟ್ಟಬೇಕು. ಎಲ್ಲಿಂದ ಕಟ್ತಾಳ? ಅದು ಒಂದ ಮಾತು. ಇನ್ನೊಂದು, ಕೋರ್ಟಿನ ಮುಂದ ನಿಂತು, ಇಲ್ಲದ ಕಾಯ್ದೆ ಐತಿ ಅಂತ ನಾ ಅನ್ನಂಗಿಲ್ಲ. ಮದ್ಲ ಆಕೀನ ಕರಸು."

ಅವಳು ಬಂದಳು. ವಕೀಲರು ತಾವೇ ಹೇಳಲು ಸುರುಮಾಡಿ, ನಡುವೆ ನಿಲ್ಲಿಸಿ, ನನ್ನ ಕಡೆ ನೋಡಿದರು. ನಾನು ಮುಗಿಸಿದೆ. ಅವಳು ಗೋಡೆಗೆ ಆತು ನೆಲದ ಮೇಲೆ ಕೂತಿದ್ದಳು. ಮಗಳು ತೊಡೆಯ ಮೇಲೆ ಮಲಗಿದ್ದಳು.

"ಹ್ವಾದ ವರ್ಷ ನೀವ ಓದಿದ್ರೆಲ್ರಿ. ಗಂಡನ ಪಾಲು ಹೆಂಡ್ತಿಗೆ ಅಂತ."

"ಓದಿದ್ದೆ ಬೇ."

"ಅದರಾಗ ಹೊಲಾ ಬ್ಯಾರೆ, ಮನಿ ಬ್ಯಾರೆ ಅಂತ ಇತ್ತೇನ್ರಿ?"

"ಇರಲಿಲ್ಲ. ಆಸ್ತಿ ಅಂತಷ್ಟ ಇತ್ತು."

"ಮತ್ತ ಈಗ ಎಲ್ಲಿಂದ ಬಂತ್ರಿ?"

ಪ್ರಾಂತ, ದಿಲ್ಲಿ, ಯಾವ ಸಭೆಗೆ ಯಾವ ಅಧಿಕಾರ ಎಂದು ನಾನು ಹೇಳತೊಡಗಿದೆ. ಅವಳು ಕೊನೆಯವರೆಗೆ ಕೇಳಿದಳು. ಆಮೇಲೆ ವಕೀಲರ ಕಡೆ ತಿರುಗಿ, "ಗದ್ದಿ ಬಿಟ್ಟು ಮನಿ ಅರ್ಧಾ ತಗೊಂಡು ನಾ ಏನ ತಿನ್ಲ್ರಿ, ಗ್ವಾಡಿ ತಿನ್ಲ್ಯಾ?" ಎಂದಳು. ದನಿ ಏರಿರಲಿಲ್ಲ.

ವಕೀಲರು ರಾಜಿಯ ಮಾತು ಎತ್ತಿದರು. ಸಾಕ್ಷಿ ಕೆಟ್ಟದ್ದರಿಂದ ಭಾವ ಹೆದರಿದ್ದಾನೆ. ಈಗಲೇ ಕೇಳಿದರೆ ಗದ್ದೆಯ ಕೆಳಗಿನ ಒಂದು ಮಡಿಯನ್ನಾದರೂ ಅವಳು ಇರುವ ತನಕ ಬಿಡಬಹುದು. ಅವಳು ಬಹಳ ಹೊತ್ತು ಮಗಳ ತಲೆಯ ಹೇನು ನೋಡುತ್ತ ಕೂತಳು. "ನೀವ ಹೇಳಿದಂಗ ಮಾಡ್ರಿ" ಎಂದಳು.

ಹಾನಗಲ್ಲಿಗೆ ಹೋದೆವು. ಅಲ್ಲಿಯ ವಕೀಲರು ಚಹಾ ಕುಡಿಸಿ, ಎಲೆಯಡಿಕೆ ಕೊಟ್ಟು, ನಮ್ಮ ವಕೀಲರ ಮಾತನ್ನು ತಲೆಯಾಡಿಸುತ್ತ ಕೇಳಿದರು. ಕೊನೆಗೆ ಕೇಳಿದ್ದು ಒಂದೇ.

"ಗೆದ್ದಂಗ ಆಗಿರೋ ದಾವೆ. ಈಗ್ಯಾಕ ರಾಜಿ ಅಂತೀರಿ?"

"ಬಡವಿ. ಅಪೀಲು ಅಂತ ಎಷ್ಟ ದಿನಾ ತಿರಗ್ಯಾಳು?" ಎಂದರು ನಮ್ಮ ವಕೀಲರು. ಅದೂ ಸುಳ್ಳಾಗಿರಲಿಲ್ಲ.

"ಪಕ್ಷಗಾರನ್ನ ಕೇಳಿ ಹೇಳ್ತೇನಿ" ಎಂದ ಅವರು ನನ್ನನ್ನು ಒಮ್ಮೆ ದಿಟ್ಟಿಸಿದರು. ಈ ಹುಡುಗ ಪುಸ್ತಕ ಓದುವವನು ಎಂದು ಅವರಿಗೆ ಆಗ ನೆನಪಾಗಿರಬೇಕು. ಅವರು ದಡ್ಡರಾಗಿರಲಿಲ್ಲ. ಓದುವ ಅಗತ್ಯ ಅದುವರೆಗೆ ಅವರಿಗೆ ಬಿದ್ದಿರಲಿಲ್ಲ, ಅಷ್ಟೇ. ನಾವು ಹೋದ ಮೇಲೆ ಧಾರವಾಡದ ಗೆಳೆಯರೊಬ್ಬರಿಗೆ ಬರೆದು ಕೇಳಿದರಂತೆ. ಮುಂದಿನ ತಾರೀಖಿಗೆ ಹಾವೇರಿಯ ಕೋರ್ಟಿನ ಪಡಸಾಲೆಯಲ್ಲಿ ನಮ್ಮನ್ನು ಕಂಡಾಗ ಅವರ ಕೈಯಲ್ಲಿ ಆ ಸಲಹೆಯ ನಕಲು ಇತ್ತು. ಅದನ್ನು ತೋರಿಸಲೂ ಇಲ್ಲ, ಮಡಿಚಿ ಕಿಸೆಯಲ್ಲಿ ಇಟ್ಟುಕೊಂಡರು.

"ಗದ್ದಿ ಮಾತು ಬ್ಯಾಡ್ರಿ. ಮನಿಯೊಳಗ ಒಂದು ಅಂಕಣ, ವರ್ಷಾ ಒಂದಿಷ್ಟು ಭತ್ತ, ಮಗಳ ಲಗ್ನಕ್ಕ ಸೀರಿ. ದಾವೆ ಪೂರಾ ಬಿಟ್ಟುಕೊಡಬೇಕು. ಮುಂದ ಯಾವ ಹಕ್ಕೂ ಕೇಳಂಗಿಲ್ಲ ಅಂತ ಬರೀಬೇಕು."

ಕೊನೆಯ ಮಾತನ್ನು ಬಿಡಿಸಲು ನಮ್ಮ ವಕೀಲರು ಮಧ್ಯಾಹ್ನದವರೆಗೆ ಹೆಣಗಿದರು. ಅದಿಲ್ಲದೆ ಭತ್ತವೂ ಇಲ್ಲ ಎಂದರು ಅವರು. ಅಷ್ಟರಲ್ಲಿ ಶಿರಸ್ತೇದಾರರು ನಮ್ಮ ನಂಬರು ಕೂಗಿದರು. ಒಳಗೆ ಹೋಗುವ ಮೊದಲು ವಕೀಲರು ಅವಳನ್ನು ಬೇವಿನ ಗಿಡದ ಕೆಳಗೆ ಕರೆದು, ಒಪ್ಪದಿದ್ದರೆ ವಾದ ಮಾಡುತ್ತೇನೆ, ಸೋಲುತ್ತೇವೆ, ಮನೆಯ ಅರ್ಧ ಹೇಗೂ ಉಳಿಯುತ್ತದೆ, ಭತ್ತಕ್ಕೆ ಪೋಟಗಿಯ ಹೊಸ ದಾವೆ ಹಾಕಬೇಕಾಗುತ್ತದೆ, ಅದಕ್ಕೆ ಮತ್ತೆ ವರ್ಷಗಳು ಎಂದು ಎಲ್ಲವನ್ನೂ ಬಿಡಿಸಿ ಹೇಳಿದರು.

"ಈ ವರ್ಷದ ಭತ್ತ ಯಾವಾಗ ಕೊಡ್ತಾರ್ರಿ?" ಎಂದು ಕೇಳಿದಳು.

"ಬರೋ ಸುಗ್ಗಿಗೆ."

"ಹಂಗಾದ್ರ ಬರೀರಿ."

ರಾಜಿಪತ್ರವನ್ನು ನಾನೇ ಬರೆದೆ. ಅಕ್ಷರ ನನ್ನದು ಚಲೋ ಎಂದು. ಓದಿ ಹೇಳಿದಾಗ ಅವಳು ಮುಖ ನೋಡಲಿಲ್ಲ. ಕಾರಕೂನ ಅವಳ ಎಡಗೈ ಹೆಬ್ಬೆರಳನ್ನು ಶಾಯಿಗೆ ಒತ್ತಿ ಕಾಗದದ ಮೇಲೆ ಇಟ್ಟ. ಜಡ್ಜಸಾಹೇಬರು ಒಂದು ಸಾಲು ಬರೆದರು. ದಾವೆ ಮುಗಿಯಿತು.

ಮಳೆಗಾಲ ಕಳೆದು ಇನ್ನೊಂದು ಬಂತು. ಒಂದು ದಿನ ಮುಂಬಯಿ ಪ್ರಾಂತದ ಗೆಜೆಟ್ಟು ಬಿಚ್ಚಿ ನೋಡುತ್ತಿದ್ದೆ. ನಮ್ಮ ಪ್ರಾಂತದ್ದೇ ಹೊಸ ಕಾಯ್ದೆ. ವಿಧವೆಯರ ಹಕ್ಕಿನ ಆ ಕಾಯ್ದೆ, ಅದು ಆದ ದಿನದಿಂದಲೇ, ಹೊಲಗದ್ದೆಗೂ ಹತ್ತುತ್ತದೆ ಎಂದು.

ವಕೀಲರಿಗೆ ಓದಿದೆ. ಓದಿ ಮುಗಿಸಿ ನಾನೇ ಕೇಳಿದೆ.

"ಆಕೀದು ಏನರ ಆಗ್ತತೇನ್ರಿ?"

"ರಾಜಿ ಡಿಕ್ರಿ ಆಗೇತಿ. ಮುಂದ ಯಾವ ಹಕ್ಕೂ ಕೇಳಂಗಿಲ್ಲ ಅಂತ ಬರದಕೊಟ್ಟಾಳ. ಬಾಗಲಾ ಹಾಕೇತಿ."

"ನಾ ಆ ಕಂತು ಬಿಚ್ಚಲಾರದ ಇದ್ದಿದ್ರ ದಾವೆ ಹಂಗ ನಡದಿರ್ತಿತ್ರಿ. ಅಪೀಲಿನ್ಯಾಗ ಕುಂತಿರ್ತಿತ್ತು. ಅಷ್ಟೊತ್ತಿಗೆ ಇದು ಬರ್ತಿತ್ತು."

"ಬರ್ತಿತ್ತೇನೋ. ಬರಲಾರದನೂ ಇರ್ತಿತ್ತು. ನೋಡಲಿ ಅಂತನ ನಿನ್ನ ಇಟ್ಕೊಂಡೇನಿ ತಮ್ಮಾ. ನೋಡಿದ್ದಕ್ಕ ಬೈಯೂದು ಹೆಂಗ?" ಇಷ್ಟು ಹೇಳಿ ಅವರು ಎದ್ದು ಒಳಗೆ ಹೋದರು. ಆ ದಿನ ಮತ್ತೆ ಹೊರಗೆ ಬರಲಿಲ್ಲ.

ಅವರ ಮಾತು ನನಗೆ ಸಮಾಧಾನ ಕೊಡಲಿಲ್ಲ. ಇಂದಿಗೂ ಕೊಟ್ಟಿಲ್ಲ. ಮುಂದೆ ನಾನೇ ಕಿರಿಯರನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಕಾಲೇಜಿನ ಪತ್ರಿಕೆಯಲ್ಲಿ ಟಿಪ್ಪಣಿ ತಿದ್ದಿದವರಿದ್ದಾರೋ ಎಂದು ಮೊದಲು ಕೇಳುತ್ತಿದ್ದೆ. ಅಂಥವರು ಗೆಲ್ಲಿಸಿಕೊಡುತ್ತಾರೆ ಎಂದಲ್ಲ. ಸೋಲುವುದನ್ನು ಪಕ್ಷಗಾರನಿಗೆ ಮುಂಚೆ ಹೇಳಬಲ್ಲರು, ಅಷ್ಟೇ. ಆ ‘ಅಷ್ಟೇ’ ಎಂಬುದು ಎಷ್ಟು ಭಾರವೆಂದು ನಾನು ಅವರಿಗೆ ಹೇಳುತ್ತಿರಲಿಲ್ಲ.

ಹೊಸ ಕಾಯ್ದೆಯ ಸುದ್ದಿಯನ್ನು ಬೇರೆಯವರ ಬಾಯಿಂದ ಅವಳು ಕೇಳಬಾರದು ಎನಿಸಿ ನಾನು ಮಾಸೂರಿಗೆ ಹೋದೆ. ನಾಟಿಯ ಹಂಗಾಮು. ಕೆರೆಯ ಕಾಲುವೆಯ ಬದುವಿನ ಮೇಲೆ ನಿಂತು ಅವಳೆಲ್ಲಿ ಎಂದು ಕೇಳಿದರೆ, ಗದ್ದೆಯಲ್ಲಿ ಸಾಲಾಗಿ ಬಾಗಿದ್ದ ಹೆಂಗಸರಲ್ಲಿ ಒಬ್ಬಳು ನೆಟ್ಟಗಾದಳು. ಭಾವನ ಗದ್ದೆ. ಕೂಲಿಗೆ ಬಂದಿದ್ದಳು. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಸಸಿಯ ಕಟ್ಟು. ಮಗಳು ಪಕ್ಕದಲ್ಲೇ ಸಸಿ ಹಂಚುತ್ತಿದ್ದಳು.

ಬದುವಿನ ಹತ್ತಿರ ಬಂದು ನಿಂತಳು. ಹೇಳಿದೆ. ಈ ಸಲ ಪ್ರಾಂತ, ದಿಲ್ಲಿ ಎಂದು ಏನೂ ಹೇಳಲಿಲ್ಲ. ಹೊಲಕ್ಕೂ ಹತ್ತುತ್ತದೆ ಎಂದೆ. ಅವಳಿಗೆ ಹತ್ತುವುದಿಲ್ಲ ಎಂದೆ.

ಕೈಯಲ್ಲಿದ್ದ ಸಸಿಯ ಬೇರಿನ ಕೆಸರನ್ನು ನೀರಿಗೆ ಅದ್ದಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಕಾಲುವೆಯ ಆಚೆ ದಂಡೆಯಲ್ಲಿ ಬಿಳಿ ಸೀರೆಯ ಹುಡುಗಿಯೊಬ್ಬಳು ಹುಲ್ಲು ಕೊಯ್ಯುತ್ತಿದ್ದಳು. ಗದ್ದ ಎತ್ತಿ ಅವಳನ್ನು ತೋರಿಸಿ ಹೇಳಿದಳು.

"ಆಕಿ ಗಂಡ ಹ್ವಾದ ತಿಂಗಳ ತೀರ್ಕೊಂಡಾನ. ಇನ್ನೂ ಎಲ್ಲೂ ಹೆಬ್ಬಟ್ಟ ಒತ್ತಿಲ್ಲ. ಆಕಿಗೆ ಹೋಗಿ ಹೇಳ್ರಿ."

ನಾನು ಕಾಲುವೆ ದಾಟಲು ಪಾಯಿಜಾಮ ಮೇಲೆತ್ತಿಕೊಂಡೆ. ಅವಳು ಆಗಲೇ ಸಾಲಿಗೆ ಹಿಂದಿರುಗಿ ಬಾಗಿದ್ದಳು.